ಏರಿದ ಕಾಯಿನ್, ಮೆತ್ತಗಾದ ಮಂಡಕ್ಕಿ

"ಈಗ ಖರ್ಚು ಮಾಡಿದ್ರೆ ಲಾಸ್ ಆಗ್ತೈತೆ," ಅಂದಳು ಆಲಿಯಾ. ಕಣ್ಣು ಮಾತ್ರ ಗೆಳತಿ ಚೌಡೇಶ್ವರಿಯ ಬೋಗುಣಿಯಲ್ಲಿದ್ದ ಖಾರ ಮಂಡಕ್ಕಿಯ ಮೇಲೇ ಇತ್ತು. "ಇನ್ನೊಂದು ತಾಸು ಬಿಟ್ರೆ ಇದೇ ಕಾಯಿನ್‌ಗೆ ಮೂರು ಪ್ಲೇಟ್ ಬರ್ತೈತಲ್ಲ."

ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆ ನಡೆದಿತ್ತು. ರಟ್ಟಿನ ಕಾಯಿನ್ ಚೌಡೇಶ್ವರಿಯದೇ ಐಡಿಯಾ. ನಿಂಗರಾಜ್ ಮಾಮ ಫೋನಿನಲ್ಲಿ ಕ್ರಿಪ್ಟೋ ಕಾಯಿನ್ ತೋರಿಸಿದ್ದ. ಕಾಯಿನ್ ಇರುವುದೇ ಇಂತಿಷ್ಟು, ಬೇಕೆನ್ನುವವರು ಹೆಚ್ಚಿದರೆ ರೇಟ್ ಏರುತ್ತದೆ ಅಂದಿದ್ದ. ನೇತ್ರಾವತಿ ಟೀಚರ್ ಎಲ್ಲರಿಗೂ ನಾಲ್ಕು ನಾಲ್ಕು ಕಾಯಿನ್ ಹಂಚಿ, ರೇಟ್ ಬರೆಯುವ ಚಾಕ್‌ಪೀಸನ್ನು ಚೌಡೇಶ್ವರಿಗೇ ಕೊಟ್ಟಿದ್ದರು. ಬೆಳಗ್ಗೆ ಒಂದು ಕಾಯಿನ್‌ಗೆ ಒಂದು ಪ್ಲೇಟ್ ತಿಂಡಿ, ಆಮೇಲೆ ಒಂದೂವರೆ, ಈಗ ಎರಡು. ಅವಳು ಬೋರ್ಡಿನಲ್ಲಿ ರೇಟ್ ಏರಿಸಿದಾಗಲೆಲ್ಲ ಹುಡುಗರು ಹೋ ಎನ್ನುತ್ತಿದ್ದರು. ಚೌಡೇಶ್ವರಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ಸಂತೆಯ ತುಂಬ ಜನ, ವ್ಯಾಪಾರ ಸೊನ್ನೆ. ಎಲ್ಲರೂ ಕಾಯಿನ್ ಜೇಬಿನಲ್ಲಿಟ್ಟುಕೊಂಡು ಬೋರ್ಡ್ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಗಣೇಶ ಸೌತೆಕಾಯಿ ಮುಂದಿಟ್ಟುಕೊಂಡು ನೊಣ ಹೊಡೆಯುತ್ತಿದ್ದ.

"ಬರೀ ರೇಟ್ ಏರಿಸ್ತೀಯಲ್ಲ, ನನ್ನ ಸೌತೆಕಾಯಿ ಯಾರು ತಿಂತಾರೆ?" ಅಂತ ಮುಖ ಊದಿಸಿದ.

ಚೌಡೇಶ್ವರಿ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ಕುರುಂ ಅನ್ನಲಿಲ್ಲ. ಗಿರಾಕಿ ಬಂದ ಮೇಲೇ ಕಲಸು ಅಂತ ಅಜ್ಜಿ ಹಂಪವ್ವ ಸಾರಿ ಸಾರಿ ಹೇಳಿದ್ದಳು. ಇವಳು ಜಂಬದಲ್ಲಿ ಒಂದು ಬೋಗುಣಿ ಕಲಸಿಟ್ಟಿದ್ದಳು. ಈಗ ಮೆತ್ತಗಾಗಿತ್ತು. ಅಜ್ಜಿಯ ಗಾಡಿಯ ಮಂಡಕ್ಕಿ ಅಂದರೆ ವಿನೋಬನಗರಕ್ಕೆಲ್ಲ ಗೊತ್ತು. ಆ ಹೆಸರು ತನ್ನ ಕೈಯಲ್ಲೇ ಹಾಳಾಗಬೇಕೆ? ಅವಳಿಗೆ ಅಳು ಬಂತು.

ಅಳಲಿಲ್ಲ. ಟೀಚರ್ ಹತ್ತಿರ ಹೋಗಿ ಮಾತಾಡಿ ಬಂದಳು. ಡಸ್ಟರ್ ತಗೊಂಡು ಬೋರ್ಡ್ ಒರೆಸಿದಳು. ದೊಡ್ಡ ಅಕ್ಷರದಲ್ಲಿ ಬರೆದಳು: ಒಂದು ಕಾಯಿನ್, ಒಂದು ಪ್ಲೇಟ್. ಸಂತೆ ಮುಗಿಯೋ ತನಕ ಇದೇ ರೇಟ್.

ಹುಡುಗರು ಗೊಣಗಿದರು. ಮೋಸ ಅಂತಲೂ ಅಂದರು. ಆಲಿಯಾ ಬೋರ್ಡ್ ನೋಡಿದಳು, ಕಾಯಿನ್ ನೋಡಿದಳು.

"ಹಂಗಾದ್ರೆ ಕಾಯೋದ್ಯಾಕೆ? ಕೊಡು, ಹೊಟ್ಟೆ ಹಸಿದೈತೆ."

ಅವಳ ಹಿಂದೆ ಸಾಲು ಬೆಳೆಯಿತು. ಚೌಡೇಶ್ವರಿ ಮೆತ್ತಗಾದದ್ದನ್ನು ಪಕ್ಕಕ್ಕಿಟ್ಟು, ಚೀಲದಲ್ಲಿ ಉಳಿದಿದ್ದ ಒಣ ಮಂಡಕ್ಕಿಯನ್ನು ಕೇಳಿದಷ್ಟೇ ಕಲಸಿ ಕೊಟ್ಟಳು. ಅಂಗಳದ ತುಂಬ ಕುರುಂ ಕುರುಂ ಸದ್ದು. ಮೆತ್ತಗಿನದನ್ನು ಕೊನೆಗೆ ಅವಳೂ ಗಣೇಶನೂ ಸೌತೆಕಾಯಿ ನಂಚಿಕೊಂಡು ತಿಂದರು.

ಸಂಜೆ ಹರಿಹರದಿಂದ ಮನೆಗೆ ಬಂದ ನಿಂಗರಾಜ್ ಮಾಮ, ನಿನ್ನ ಕಾಯಿನ್ ಎಷ್ಟಕ್ಕೆ ಏರಿತು ಅಂತ ಕೇಳಿದ.

ಚೌಡೇಶ್ವರಿ ಖಾಲಿ ಬೋಗುಣಿಯನ್ನು ಅಜ್ಜಿಯ ಮುಂದೆ ಬೋರಲು ಹಾಕಿ, ಎದೆ ಸೆಟೆಸಿ ನಿಂತಳು.

"ಏರಿದ್ದನ್ನ ನಾನೇ ಇಳಿಸಿದೆ ಮಾಮ. ಆಮೇಲೆ ಎಲ್ಲಾ ಖರ್ಚಾತು."