ಅಲುಗದ ಮುಳ್ಳು

"ಅಕ್ಕಾ, ನನ್ನ ಮಗಳು ತಪ್ಪು ಮಾಡೋಳಲ್ಲ. ಹೇಗಾದ್ರೂ ಉಳಿಸಿಕೊಡಿ!" ಗುಡ್ಡದ ಮೇಲಿನ ಕೊಳದ ಕಾವಲುಗಾರ ಹೊಸ್ತಿಲಲ್ಲೇ ಕುಸಿದು ಕುಳಿತ.

ಮೇಷ್ಟ್ರು ನೀರು ತಂದುಕೊಟ್ಟರು. ಮನೆಮನೆಯ ಮೀಟರ್ ಓದಿ ನಿವೃತ್ತಳಾದ ಅವರ ಅಕ್ಕನನ್ನು ಊರೆಲ್ಲ ಮೀಟರಮ್ಮ ಎನ್ನುತ್ತಿತ್ತು. ಪೊಲೀಸರಿಗೆ ಹೊಳೆಯದ್ದು ಅವಳಿಗೆ ಹೊಳೆಯುತ್ತದೆಂದು ಮೇಷ್ಟ್ರಿಗೆ ಹೆಮ್ಮೆ, ಒಂದಿಷ್ಟು ಹೊಟ್ಟೆಯುರಿ ಕೂಡ.

ಊರಿಗೆ ಕರೆಂಟು ಗಾಳಿಯಂತ್ರಗಳಿಂದ ಬರುತ್ತಿತ್ತು. ಗಾಳಿ ಜೋರಿದ್ದಾಗ ಗುಡ್ಡದ ಕೊಳಕ್ಕೆ ನೀರೆತ್ತಿ ಇಡುವುದು, ಗಾಳಿ ನಿಂತಾಗ ಅದನ್ನೇ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎರಡು ತಿಂಗಳಿಂದ ಆ ಮೀಸಲು ಬೇಕಾಗಿರಲಿಲ್ಲ. ಮೊನ್ನೆ ಮಧ್ಯಾಹ್ನ ಗಾಳಿ ಕೈಕೊಟ್ಟಿತು. ಕರೆಂಟು ಕೇಂದ್ರದ ಬೋರ್ಡಿನಲ್ಲಿ ನೀರಿನ ಮಟ್ಟ ತೋರಿಸುವ ಮುಳ್ಳು ಕೊಳ ಭರ್ತಿ ಎನ್ನುತ್ತಿತ್ತು. ಎರಡು ಗಂಟೆ ಬರಬೇಕಾದ ನೀರು ಒಂದೇ ಗಂಟೆಗೆ ಮುಗಿಯಿತು. ಆಸ್ಪತ್ರೆಯ ಜನರೇಟರ್ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಉಸಿರಾಟದ ಯಂತ್ರದಲ್ಲಿದ್ದ ಒಬ್ಬ ಮುದುಕ ತೀರಿಕೊಂಡ. ಬೋರ್ಡಿನ ಮುಂದಿದ್ದವಳು ಕಾವಲುಗಾರನ ಮಗಳು. ಬೆಳಿಗ್ಗೆಯೇ ನೀರು ಪೋಲು ಮಾಡಿ ಮುಳ್ಳು ಕೆಡಿಸಿದಳೆಂದು ಕೇಂದ್ರದ ಇಂಜಿನಿಯರ್ ದೂರು ಕೊಟ್ಟಿದ್ದರು. ಪೊಲೀಸರು ಮರುದಿನ ಅವಳನ್ನು ಹಿಡಿದೊಯ್ಯುವವರಿದ್ದರು.

ಮೂವರೂ ಗುಡ್ಡ ಹತ್ತಿದರು. ಖಾಲಿ ಕೊಳದ ಒಳಗೋಡೆಯ ಮಧ್ಯಕ್ಕಿಂತ ತುಸು ಮೇಲೆ ಉದ್ದನೆಯ ಬಿರುಕು, ಅದರಲ್ಲೊಂದು ಹಕ್ಕಿಗೂಡು, ಗೂಡಿನಲ್ಲಿ ಮೊಟ್ಟೆ. ನೀರಿನ ಮಟ್ಟ ಅಳೆಯುವ ತೇಲುಗುಂಡಿನ ತೊಟ್ಟಿಗೆ ಬೀಗವಿತ್ತು. ಕಾವಲುಗಾರ ಸೊಂಟದಿಂದ ಕೀಲಿ ಬಿಚ್ಚಿ ತಾನೇ ತೆರೆದ. ಒಳಗೆ ಗುಂಡನ್ನು ತಂತಿಯಿಂದ ಮೇಲಕ್ಕೆ ಬಿಗಿದು ಕಟ್ಟಲಾಗಿತ್ತು. ಹೊರಗೆ ಗೋಡೆಯ ಬುಡದಲ್ಲಿದ್ದ ಇಪ್ಪತ್ತು ಮನೆಗಳನ್ನು ಅಕ್ಕ ತುಂಬ ಹೊತ್ತು ನೋಡಿದಳು. ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ಬೋರ್ಡಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಪೊಲೀಸರೂ ಇದ್ದರು.

"ನೀರಿನಡಿ ಯಾವ ಹಕ್ಕಿನೂ ಮೊಟ್ಟೆ ಇಡಲ್ಲ. ಅಂದ್ರೆ ವಾರಗಟ್ಟಲೆ ಕೊಳ ಅರ್ಧವೇ ಇತ್ತು," ಎಂದಳು ಅಕ್ಕ. "ಮುಳ್ಳು ಗೀರಿದ ಕಾಗದದ ಪಟ್ಟಿ ನೋಡಿ, ಎರಡು ತಿಂಗಳು ಗೆರೆ ಎಳೆದ ಹಾಗೆ ನೆಟ್ಟಗಿದೆ. ನಿಜವಾದ ನೀರಾದ್ರೆ ಬಿಸಿಲಿಗೆ ಬೆರಳಷ್ಟಾದ್ರೂ ಇಳೀಬೇಕಿತ್ತು. ಕೊಳ ಅರ್ಧ ಇದ್ದಾಗಲೇ ಗುಂಡು ಕಟ್ಟಿದ್ದರಿಂದ ಪಂಪೂ ಕೊಳ ತುಂಬಿದೆ ಅಂತ ನಿಂತಿತ್ತು. ಈ ಹುಡುಗಿ ನಂಬಿದ್ದು ಮುಳ್ಳನ್ನ. ಬೀಗ ಒಡೆದಿಲ್ಲ, ಕೀಲಿ ಇರೋದು ಒಬ್ಬರ ಸೊಂಟದಲ್ಲೇ."

ಕಾವಲುಗಾರ ತಲೆ ತಗ್ಗಿಸಿದ.

"ಏನಪ್ಪಾ, ನನ್ನ ಹತ್ರ ಬಂದಿದ್ದೇ ಸಿಕ್ಕಿಬೀಳೋಕೆ ಅಲ್ವಾ?"

"ನನ್ನ ಮಾತು ಯಾರು ಕೇಳ್ತಾರಕ್ಕ? ನೀವು ಹೇಳಿದ್ರೆ ಬಿರುಕು ಕಣ್ಣಿಗೆ ಬೀಳುತ್ತೆ ಅಂತ ಬಂದೆ. ಕೊಳ ತುಂಬಿದ್ರೆ ಗೋಡೆ ಆ ಮನೆಗಳ ಮೇಲೆ ಬೀಳ್ತಿತ್ತು. ಅದಕ್ಕೇ ಗುಂಡು ಕಟ್ಟಿದೆ."

"ಬಿರುಕಾ? ನನಗೆ ಗೊತ್ತೇ ಇಲ್ಲ," ಎಂದರು ಇಂಜಿನಿಯರ್.

"ಮೂರು ಸಲ ಹೇಳಿದೆ ಸಾರ್. ಸುಣ್ಣ ಬಳಿ ಅಂದ್ರಿ."

ಪೊಲೀಸರು ಕಾವಲುಗಾರ, ಇಂಜಿನಿಯರ್ ಇಬ್ಬರನ್ನೂ ಏಳಿಸಿದರು. ಮೇಷ್ಟ್ರಿಗೆ ಗೆದ್ದ ಖುಷಿಯೇ ಆಗಲಿಲ್ಲ. ಮುದುಕನ ಸಾವು ಯಾರ ತಪ್ಪಿನ ತಕ್ಕಡಿಗೂ ಸಿಗದೆ ನಡುವೆ ನಿಂತಂತಿತ್ತು.

"ಅಪ್ಪಾ, ನನಗಾದ್ರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಈ ಹಲಗೆ ಮೇಲೆ ನಿಜ ಬರೀತಿದ್ದೆ ಮಗಳೇ. ಇವ್ರು ಅವತ್ತೇ ಕೊಳ ತುಂಬಿಸ್ತಿದ್ರು."

ಹೊರಗೆ ಗಾಳಿ ಎದ್ದಿತ್ತು. ಅವಳು ಕಣ್ಣೊರೆಸಿಕೊಂಡು ಕೊಳಕ್ಕೆ ನೀರೇರದಂತೆ ಪಂಪಿನ ಸ್ವಿಚ್ ಆರಿಸಿದಳು. ಆಸ್ಪತ್ರೆಗೆ ಫೋನ್ ಮಾಡಿ ಜನರೇಟರ್ ನೋಡಿಕೊಳ್ಳಲು ಹೇಳಿದಳು. ಆಮೇಲೆ ಅಪ್ಪನ ಕಣ್ಣೆದುರೇ ಬೋರ್ಡಿನ ಪಕ್ಕದ ಹಲಗೆಯ ಮೇಲೆ ಬರೆದಳು: 'ಮೀಸಲು ಇಲ್ಲ.'