ಗೋಡೆಯಾಚೆಯ ಹತ್ತು ಹೆಜ್ಜೆ

ಆರ್ಥರ್ ಸಟ್‌ಕ್ಲಿಫ್ ಕಲ್ಲುಗೋಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಹುಬ್ಬಿನ ಮೇಲೆ ಇಬ್ಬನಿ ಕೂತಿತ್ತು. ಗ್ವೆನ್ ಓಲ್ಡ್‌ರಾಯ್ಡ್ ಕೈಗವಸು ಕಿತ್ತು ಅವನ ಕತ್ತು ಮುಟ್ಟಿದಳು. ಕಲ್ಲಿನಷ್ಟೇ ತಣ್ಣಗಿತ್ತು. ಆಗ ಮಧ್ಯಾಹ್ನ ಮೂರೂಕಾಲು.

ಗೋಡೆಯ ಇನ್ನೊಂದು ಬದಿ, ಓಟದ ದಾರಿಯಲ್ಲಿ, ಹತ್ತೇ ಹೆಜ್ಜೆ ದೂರದಲ್ಲಿ, ಆರ್ಥರ್‌ನ ಮಡಿಸುವ ಸ್ಟೂಲು ಇತ್ತು. ಎರಡು ಗಂಟೆಯ ಹಿಂದೆ ಅದೇ ಸ್ಟೂಲಿನ ಪಕ್ಕದಲ್ಲೇ ಗ್ವೆನ್ ಓಡಿಹೋಗಿದ್ದಳು.

ಹಾಕ್ಸ್‌ಕ್ಲಫ್ ಓಟಗಾರರ ಕ್ಲಬ್ಬೆಂದರೆ ನಲವತ್ತು ಜನ. ಮೇಷ್ಟ್ರುಗಳು, ದಾದಿಯರು, ಬಸ್ ಚಾಲಕರು. ಚಳಿಗಾಲದ ಐದು ಶನಿವಾರ ಯಾರ್ಕ್‌ಶೈರಿನ ಗುಡ್ಡಗಳ ಕೆಸರಿನಲ್ಲಿ ಓಡುವುದು, ಆಮೇಲೆ ಕ್ರಿಕೆಟ್ ಮೈದಾನದ ಕೊಠಡಿಯಲ್ಲಿ ಮಾಂಸ ತುಂಬಿದ ಬಿಸಿ ಪೈ ತಿಂದು ಟೀ ಕುಡಿಯುವುದು. ಗ್ವೆನ್‌ಗೆ ಅರವತ್ತನಾಲ್ಕು. ಮೂವತ್ತು ವರ್ಷ ಇದೇ ಗುಡ್ಡಗಳಲ್ಲಿ ಅಂಚೆ ಹಂಚಿದವಳು. ಈಗ ಎಲ್ಲರಿಗಿಂತ ಕೊನೆಯಲ್ಲಿ ಓಡುತ್ತ ದಾರಿಯ ಬಾವುಟಗಳನ್ನು ಕೀಳುವುದು ಅವಳ ಕೆಲಸ. ತಿರುವಿನ ಮೂಲೆಯಲ್ಲಿ ಕೂತು ಓಟಗಾರರಿಗೆ ದಾರಿ ತೋರಿಸುವುದು ಆರ್ಥರ್‌ನ ಕೆಲಸ. ಅವನಿಗೆ ಎಪ್ಪತ್ತನಾಲ್ಕು.

ಓಟ ಮುಗಿದಾಗ ಗ್ವೆನ್ ಕೇಳಿದ್ದಳು, “ಆರ್ಥರ್ ಎಲ್ಲಿ? ಸ್ಟೂಲು ಖಾಲಿ ಇತ್ತಲ್ಲ?”

“ಚಳಿ ತಡೆಯಕ್ಕಾಗ್ತಿಲ್ಲ, ಮನೆಗೆ ಹೋಗ್ತೀನಿ ಅಂದ,” ಎಂದಿದ್ದ ಅಧ್ಯಕ್ಷ ಕ್ಲೈವ್ ಆಕ್‌ರಾಯ್ಡ್, ಪೈ ಅಗಿಯುತ್ತ. “ಪಾಪ, ವಯಸ್ಸಾಯ್ತು. ಕೂತ್ಕೊಳಮ್ಮ, ನೀನೂ ಬಿಸಿಬಿಸಿ ತಿನ್ನು.”

ಆರ್ಥರ್‌ನ ಮನೆ ಗುಡ್ಡದ ಕೆಳಗೇ. ಗ್ವೆನ್ ನಂಬಿದಳು. ಪೈ ತಿಂದಳು. ಮೂರಕ್ಕೆ ಆರ್ಥರ್‌ನ ಹೆಂಡತಿ ನೋರಾಳ ಫೋನು ಬಂತು. “ಊಟ ಆರಿಹೋಗ್ತಿದೆ, ಎಲ್ಲಿದಾರೆ ನಮ್ಮನೆಯವರು?”

*

“ಜಾರಿ ಬಿದ್ದಿರಬೇಕು,” ಎಂದ ಸಾರ್ಜೆಂಟ್ ಡೆನ್ಬಿ. ಕೆಸರಿಗೆ ತಕ್ಕ ಬೂಟು ಅವನ ಕಾಲಲ್ಲಿರಲಿಲ್ಲ.

“ಜಾರಿ ಬಿದ್ದೋನು ತನ್ನ ಹಿಮ್ಮಡೀನ ತಾನೇ ಎಳ್ಕೊಂಡು ಹೋಗ್ತಾನಾ?” ಗ್ವೆನ್ ಬೆರಳು ತೋರಿಸಿದಳು. ಗೋಡೆ ಒಡೆದ ಕಡೆ ಒಂದು ಕಿಂಡಿಯಿತ್ತು. ಅದರೊಳಗಿನಿಂದ ಹುಲ್ಲಿನ ಮೇಲೆ ಎರಡು ಸಮಾನಾಂತರ ಗೆರೆ, ನೇರ ಆರ್ಥರ್‌ನ ಬೂಟಿನವರೆಗೆ.

ಡೆನ್ಬಿ ಬಗ್ಗಿ ನೋಡಿದ. ಮುಖ ಬಿಗಿಯಾಯಿತು.

ಕ್ಲೈವ್ ಅವನ ಕಿವಿಯ ಬಳಿ ಬಂದ. “ಹೇಳಬಾರದು ಅಂದ್ಕೊಂಡಿದ್ದೆ, ಸಾರ್. ಬೆಳಗ್ಗೆ ಈ ಹೊಲದ ಮಾಲೀಕ ಹಾರ್ಕರ್ ಗೇಟಿನ ವಿಷಯಕ್ಕೆ ಆರ್ಥರ್ ಮೇಲೆ ಕೂಗಾಡ್ದ. ಕೈಲಿ ದೊಣ್ಣೆ ಇತ್ತು.”

ಆವತ್ತೇ ಹಾರ್ಕರ್‌ನನ್ನು ಠಾಣೆಗೆ ಕರೆದೊಯ್ದರು. ಮರುದಿನ ಬೆಳಗ್ಗೆ ಬಿಟ್ಟರು. ಓಟದ ಹೊತ್ತಿಗೆ ಅವನ ಹಸು ಕರು ಹಾಕುತ್ತಿತ್ತು. ಪಶುವೈದ್ಯೆ ಹನ್ನೊಂದರಿಂದ ಎರಡರವರೆಗೆ ಅವನ ಜೊತೆಗೇ ಕೊಟ್ಟಿಗೆಯಲ್ಲಿದ್ದಳು.

“ಕೂಗಾಡಿದ್ದು ನಿಜ ಕಣಮ್ಮ,” ಎಂದ ಹಾರ್ಕರ್ ಗ್ವೆನ್ ಮುಂದೆ. “ಆಮೇಲೆ ಅವನೇ ತನ್ನ ಫ್ಲಾಸ್ಕಿಂದ ನಂಗೆ ಟೀ ಕೊಟ್ಟ. ಅಂಥೋನಿಗೆ ಯಾರಾದ್ರೂ ಹೊಡೀತಾರಾ?”

ಅಷ್ಟರಲ್ಲಿ ವೈದ್ಯರ ವರದಿ ಬಂತು. ತಲೆಗೆ ಬಿದ್ದ ಪೆಟ್ಟು ಪ್ರಾಣಾಂತಿಕವಲ್ಲ. ಕೊಂದದ್ದು ಚಳಿ. ಬಿದ್ದ ಮೇಲೆ ಆತ ಒಂದೂವರೆ ಗಂಟೆಯಾದರೂ ಬದುಕಿದ್ದ.

ಗ್ವೆನ್ ಲೆಕ್ಕ ಹಾಕಿದಳು. ಅವಳು ಪೈ ತಿನ್ನುತ್ತಿದ್ದಾಗ ಅವನು ಉಸಿರಾಡುತ್ತಿದ್ದ.

*

ಫಲಿತಾಂಶದ ಹಾಳೆ ಹಿಡಿದು ಗ್ವೆನ್ ಮನೆಮನೆಗೆ ಹೋದಳು. ಎಲ್ಲರಿಗೂ ಒಂದೇ ಪ್ರಶ್ನೆ: ಎರಡನೇ ಸುತ್ತಿನಲ್ಲಿ ಆರ್ಥರ್‌ನನ್ನು ನೋಡಿದಿರಾ?

ಎರಡನೇ ಸುತ್ತನ್ನೇ ಕೇಳಲು ಕಾರಣವಿತ್ತು. ಮೊದಲ ಸುತ್ತು ಹೊಲದಲ್ಲಷ್ಟೇ. ಎರಡನೆಯದರಲ್ಲಿ ಆರ್ಥರ್‌ನ ಮೂಲೆಯಿಂದ ಎಡಕ್ಕೆ ತಿರುಗಿ ಜೌಗಿಗೆ ಇಳಿಯಬೇಕು. ಕಾಡಿಗೆಯಂಥ ಕರಿ ಕೆಸರು, ತೊಡೆಯವರೆಗೆ. ಅದನ್ನು ಹಾದು ಬರಲು ಎಂಟು ನಿಮಿಷ. ಗೋಡೆಯ ಕಿಂಡಿಯಲ್ಲಿ ನುಸುಳಿದರೆ ಎರಡೇ ನಿಮಿಷ.

ಬಸ್ ಓಡಿಸುವ ಜುಲ್ಫಿಕರ್‌ಗೆ ಅರವತ್ತೊಂದು. ಬಾಗಿಲು ತೆರೆದವನೇ ಟೀಗೆ ಇಟ್ಟ.

“ನೋಡಿದೆ. ‘ಏ ಜುಲ್ಫಿ, ನಿನ್ ಬಸ್ಸೇ ನಿನಗಿಂತ ಬೇಗ ಬರುತ್ತಲ್ಲೋ’ ಅಂತ ರೇಗಿಸ್ದ.”

“ನಿನ್ನ ಹಿಂದೆ ಯಾರಿದ್ರು?”

“ಕ್ಲೈವ್. ಐವತ್ತು ಹೆಜ್ಜೆ ಹಿಂದೆ.”

ಕ್ಲೈವ್‌ನ ಹಿಂದಿದ್ದವಳು ದಾದಿ ಸ್ಯಾಲಿ ತ್ವೇಟ್. ಅವಳೆಂದಳು, “ಸ್ಟೂಲು ಖಾಲಿ ಇತ್ತು. ಬಾವುಟ ನೋಡ್ಕೊಂಡೇ ತಿರುಗ್ದೆ.”

“ಮುಂದೆ ಕ್ಲೈವ್ ಕಾಣಿಸಿದ್ರಾ?”

“ಮೇಲೆ ಮಂಜಿತ್ತು. ಕೆಳಗೆ ಜೌಗಲ್ಲಿ ಜುಲ್ಫಿ ಬೆನ್ನೊಂದೇ ಕಾಣ್ತಿತ್ತು.”

ಗ್ವೆನ್ ಮತ್ತೆ ಜುಲ್ಫಿಕರ್‌ನ ಬಾಗಿಲು ತಟ್ಟಿದಳು.

“ಮೂಲೆ ದಾಟಿದ ಮೇಲೆ ಕ್ಲೈವ್ ನಿನ್ನ ಹಿಂದಿಕ್ಕಿದ್ರಾ?”

ಅವನು ನೆಲ ನೋಡಿದ. “ಯಾರೂ ಹಿಂದಿಕ್ಕಲಿಲ್ಲ.”

“ಹಾಳೇಲಿ ಅವರು ನಿನಗಿಂತ ಮೇಲಿದಾರೆ.”

“ಗೊತ್ತು. ನಾನು ಬಂದಾಗ್ಲೇ ಅವರ ಕೈಲಿ ಪೈ ಇತ್ತು. ಅಧ್ಯಕ್ಷರು, ದೊಡ್ಡ ಮನುಷ್ಯರು. ನನ್ನ ಕಣ್ಣೇ ತಪ್ಪಿರಬೇಕು ಅಂದ್ಕೊಂಡೆ. ಒಂದು ತವರದ ಲೋಟಕ್ಕೆ ಯಾರು ಜಗಳ ಆಡ್ತಾರೆ, ಗ್ವೆನ್?”

ಅರವತ್ತು ದಾಟಿದವರಲ್ಲಿ ಮೊದಲು ಬಂದವರಿಗೆ ಆ ಲೋಟವೇ ಬಹುಮಾನ. ಏಳು ವರ್ಷದಿಂದ ಅದು ಕ್ಲೈವ್‌ನ ಮನೆಯಲ್ಲೇ ಇತ್ತು.

*

ಮಂಗಳವಾರ ಸಂಜೆ ಶ್ರದ್ಧಾಂಜಲಿ ಸಭೆ. ಕ್ಲೈವ್ ಎದ್ದು ನಿಂತ. ದನಿ ನಡುಗಿಸಿದ.

“ಇನ್ನು ಮುಂದೆ ಈ ಓಟಕ್ಕೆ ಆರ್ಥರ್ ಹೆಸರೇ ಇಡೋಣ. ನಾನು ಗೆದ್ದ ಲೋಟಾನ ಅವನ ಶವಪೆಟ್ಟಿಗೆ ಮೇಲೆ ಇಡ್ತೀನಿ.” ಕರ್ಚೀಫು ತೆಗೆದು ಕಣ್ಣೊತ್ತಿಕೊಂಡ. ಹಲವರು ಬಿಕ್ಕಿದರು.

“ನೀವು ಗೆದ್ದಿಲ್ಲ ಅದನ್ನ,” ಎಂದಳು ಗ್ವೆನ್.

ಬಿಕ್ಕುವುದು ನಿಂತಿತು. ಬಾಗಿಲ ಬಳಿಯಿದ್ದ ಡೆನ್ಬಿ ಒಂದು ಹೆಜ್ಜೆ ಮುಂದೆ ಬಂದ.

“ಜುಲ್ಫಿ ಹೋಗೋವಾಗ ಆರ್ಥರ್ ಮೂಲೇಲಿದ್ದ. ಸ್ಯಾಲಿ ಬರೋವಾಗ ಇರಲಿಲ್ಲ. ನಡುವೆ ಬಂದವರು ನೀವೊಬ್ಬರೇ. ಜೌಗಲ್ಲಿ ನಿಮ್ಮನ್ನ ಹಿಂದಿನವರೂ ನೋಡಲಿಲ್ಲ, ಮುಂದಿನವರೂ ನೋಡಲಿಲ್ಲ. ಆದ್ರೂ ಮುಂದಿದ್ದವನಿಗಿಂತ ಮೊದಲು ಬಂದ್ರಿ.” ಅವಳು ಓಟ ಮುಗಿದ ಮೇಲೆ ತೆಗೆದ ಫೋಟೋ ಮೇಜಿನ ಮೇಲಿಟ್ಟಳು. “ಎಲ್ಲರ ಕಾಲೂ ತೊಡೆವರೆಗೆ ಕರ್ರಗಿದೆ. ನಿಮ್ಮದು ಮೀನಖಂಡದವರೆಗೆ ಹೊಲದ ಕಂದು ಮಣ್ಣು, ಅಷ್ಟೇ. ಕಿಂಡೀಲಿ ನುಸುಳಿದ್ರಿ. ಆರ್ಥರ್ ತಡೆದ.”

“ಏನು ಮಾತಾಡ್ತಿದೀಯ ನೀನು!” ಕ್ಲೈವ್ ಸುತ್ತ ನೋಡಿದ. ಜುಲ್ಫಿಕರ್ ಮೆಲ್ಲನೆ ಎದ್ದು ನಿಂತ. ಸ್ಯಾಲಿಯೂ ಎದ್ದಳು.

ಕ್ಲೈವ್ ಮೇಜಿಗೆ ಕೈ ಊರಿದ. “ಅವನೇ ನನ್ನ ತೋಳು ಹಿಡ್ಕೊಂಡ. ‘ವಾಪಸ್ ಹೋಗಿ ಸರಿಯಾಗಿ ಓಡು, ಇಲ್ದಿದ್ರೆ ಎಲ್ಲರಿಗೂ ಹೇಳ್ತೀನಿ’ ಅಂದ. ಬರೀ ತಳ್ಳಿದೆ. ತಲೆ ಕಲ್ಲಿಗೆ ಹೊಡೀತು. ಎದ್ದು ಬರ್ತಾನೆ ಅಂದ್ಕೊಂಡೆ.”

“ಎದ್ದು ಬರೋನ್ನ ಗೋಡೆ ಹಿಂದೆ ಯಾಕೆ ಎಳೆದಿಟ್ರಿ? ಮನೆಗೆ ಹೋದ ಅಂತ ಯಾಕೆ ಹೇಳಿದ್ರಿ?”

ಅವನು ಬಾಗಿಲ ಕಡೆ ನೋಡಿದ.

“ನಾನೇ ಹೇಳ್ತೀನಿ. ಹುಡುಕಿದ್ರೆ ಸಿಗ್ತಿದ್ದ. ಸಿಕ್ಕಿದ್ರೆ ಬದುಕ್ತಿದ್ದ. ಬದುಕಿದ್ರೆ ಹೇಳ್ತಿದ್ದ. ಅದಕ್ಕೇ ನನ್ನ ಕೂರಿಸಿ ಪೈ ತಿನ್ನಿಸಿದ್ರಿ.”

ಯಾರೋ ಥೂ ಎಂದರು. ಹತ್ತಿರವಿದ್ದವರು ತಮ್ಮ ಕುರ್ಚಿಗಳನ್ನು ಎಳೆದುಕೊಂಡು ದೂರ ಸರಿದರು, ಕೊಳೆತದ್ದೇನೋ ಮಧ್ಯೆ ಬಿದ್ದಂತೆ.

ಡೆನ್ಬಿ ಅವನ ಮೊಣಕೈ ಹಿಡಿದ. ಬಾಗಿಲು ದಾಟುವ ಮುನ್ನ ಕ್ಲೈವ್ ತಿರುಗಿದ. ನೋರಾಳ ಬಗ್ಗೆ ಏನಾದರೂ ಹೇಳಿಯಾನೆಂದು ಗ್ವೆನ್ ಒಂದು ಕ್ಷಣ ಕಾದಳು. ಅವನ ಕಣ್ಣು ಗೋಡೆಯ ಮೇಲಿದ್ದ ವಿಜೇತರ ಹೆಸರುಗಳ ಹಲಗೆಯ ಮೇಲಿತ್ತು.

“ಈ ವರ್ಷದ್ದು ಮಾತ್ರ ಅಳಿಸ್ತೀರಾ,” ಎಂದು ಕೇಳಿದ, “ಏಳೂ ವರ್ಷದ್ದು ಅಳಿಸ್ತೀರಾ?”