ಇನ್ನೊಂದು ಡೆಮೊ

"ಈ ಮೂಲೆ ಇನ್ನೊಂದು ಸಲ ತೋರಿಸ್ತೀರಾ?"

ಅವನು ಲ್ಯಾಪ್‌ಟಾಪ್‌ನಿಂದ ಕಣ್ಣೆತ್ತಿ ನಕ್ಕ. "ನಿನ್ನೆಯೂ ಇದೇ ಮೂಲೆ ತೋರಿಸಿದ್ದೆ ಮೇಡಂ."

"ನಿನ್ನೆ ಸರಿಯಾಗಿ ನೋಡಿರ್ಲಿಲ್ಲ."

ನೋಡಿದ್ದಳು. ಮೂಲೆಯನ್ನಲ್ಲ, ಮೌಸ್ ಹಿಡಿದ ಅವನ ಬೆರಳುಗಳನ್ನು. ವಿವರಿಸುವ ಉತ್ಸಾಹದಲ್ಲಿ ಅವನ ಎಡ ಹುಬ್ಬು ತಾನಾಗಿ ಮೇಲೇರುವುದನ್ನು.

ಅವಳ ಅಪ್ಪನದು ಪ್ಲಾಸ್ಟಿಕ್ ಸಾಮಾನುಗಳಿಗೆ ಉಕ್ಕಿನ ಅಚ್ಚು ಮಾಡಿಕೊಡುವ ವರ್ಕ್‌ಶಾಪ್. ಮಿಲ್ಲಿಂಗ್ ಮೆಷಿನ್ ಯಾವ ದಾರಿಯಲ್ಲಿ ಉಕ್ಕನ್ನು ಕೊರೆಯಬೇಕೆಂದು ಕಂಪ್ಯೂಟರಿನಲ್ಲಿ ಹೇಳಿಕೊಡುವುದು ಅವಳ ಕೆಲಸ. ಹಳೆಯ ಸಾಫ್ಟ್‌ವೇರ್ ಕೈಕೊಡತೊಡಗಿತ್ತು. ಹೊಸದನ್ನು ಮಾರಲು ಎರಡು ಕಂಪನಿಯವರು ಬಂದಿದ್ದರು. ಒಂದರ ಕಡೆಯಿಂದ ಬಂದವನು ಇವನು. ವರ್ಕ್‌ಶಾಪಿನವರ ಬಾಯಲ್ಲಿ 'ಡೆಮೊ ಸಾರ್'.

"ಆಯ್ಕೆ ನಿಂದೇ ಮಗಳೇ. ನಂಗೆ ಉಕ್ಕು ಗೊತ್ತು, ಇದೆಲ್ಲ ಗೊತ್ತಾಗಲ್ಲ" ಎಂದು ಅಪ್ಪ ಅವಳಿಗೇ ಬಿಟ್ಟಿದ್ದರು.

ಎರಡನ್ನೂ ಟ್ರಯಲ್ ಹಾಕಿ ನೋಡಿದ ಮೊದಲ ವಾರವೇ ಅವಳಿಗೆ ತಿಳಿದುಹೋಗಿತ್ತು. ಡೆಮೊ ಸಾರ್ ತಂದದ್ದು ವೇಗದಲ್ಲಿ ಎತ್ತಿದ ಕೈ. ಆದರೆ ಆಳದ ಇಕ್ಕಟ್ಟು ಮೂಲೆಗಳಲ್ಲಿ ಹಳೆಯದರಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಉಳಿಸುತ್ತಿತ್ತು. ಇನ್ನೊಂದು ಕಂಪನಿಯದು ನಿಧಾನ. ಮೂಲೆ ಮಾತ್ರ ನುಣ್ಣಗೆ ಬರುತ್ತಿತ್ತು. ಅಚ್ಚಿಗೆ ಬೇಕಾದದ್ದು ಅದೇ. ಹಾಗೆಂದು ಹೇಳಿದರೆ ಇವನು ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಾನೆ.

"ಇನ್ನೂ ನೋಡ್ತಿದೀನಿ ಅಪ್ಪ" ಎನ್ನುತ್ತ ಅವಳು ದಿನ ದೂಡಿದಳು. ಅಷ್ಟೂ ದಿನ ಕೆಲಸ ಹಳೆಯದರಲ್ಲೇ ಸಾಗಿತು. ಅದು ಬಿಟ್ಟ ಗೆರೆಗಳನ್ನು ಅಪ್ಪ ಪಾಲಿಶ್ ಕಲ್ಲು ಹಿಡಿದು ಕೈಯಲ್ಲೇ ಉಜ್ಜಿ ತೆಗೆದರು.

ಒಂದು ಬೆಳಿಗ್ಗೆ ಅವರು ಕನ್ನಡಿಯ ಮುಂದೆ ಬಾಚಣಿಗೆ ಹಿಡಿದು ಸುಮ್ಮನೆ ನಿಂತಿದ್ದರು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ.

"ಸ್ವಲ್ಪ ಬಾಚ್ತೀಯಾ?" ಎಂದರು. "ಹಾಂ, ನೀನು ಅವಸರ ಮಾಡ್ಬೇಡ. ಸರಿಯಾದ್ದನ್ನೇ ಆರಿಸು."

ಅವಳು ನರೆತ ಕೂದಲಲ್ಲಿ ಬಾಚಣಿಗೆ ಆಡಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಯಾವುದು ಸರಿಯೆಂದು ಮೊದಲೇ ಗೊತ್ತಿತ್ತೆಂದು, ಯಾಕೆ ಎಳೆದೆನೆಂದು ಅಲ್ಲೇ ಹೇಳಿಬಿಟ್ಟಳು.

ಅಪ್ಪ ಕನ್ನಡಿಯಲ್ಲೇ ಅವಳ ಮುಖ ನೋಡಿದರು. "ಅವನಿಗೆ ಹೇಳಿದೀಯಾ?"

"ಇಲ್ಲ."

"ಹೇಳು. ಅವನದೂ ಹೊಟ್ಟೆಪಾಡು."

ಮಧ್ಯಾಹ್ನ ಅವನು ಬಂದು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಅವಳು ಅದರ ಮೇಲೆ ಕೈಯಿಟ್ಟಳು. "ನಿಮ್ದು ನಮಗೆ ಆಗಲ್ಲ. ಮೊದಲ ವಾರವೇ ಗೊತ್ತಾಗಿತ್ತು."

"ಮತ್ತೆ ಇಷ್ಟು ದಿನ ಯಾಕೆ ಕರೆಸಿದ್ರಿ?"

"ನೀವು ಬರ್ಲಿ ಅಂತ."

ಅವಳ ಕಿವಿ ಬಿಸಿಯಾಯಿತು. "ನಿಮ್ಮ ಟೈಮ್ ಹಾಳು ಮಾಡ್ದೆ. ಅಲ್ಲಿ ಅಪ್ಪನ ಭುಜ..." ಅವಳು ಒಳಗಿನ ಕಡೆ ಕೈ ತೋರಿಸಿದಳು.

ಅವನು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದ.

"ಆ ಮೂಲೆ ನಮ್ಮದರಲ್ಲಿ ಬರಲ್ಲ ಅಂತ ನಂಗೂ ಗೊತ್ತಿತ್ತು. ಮುಂದಿನ ವರ್ಷನ್‌ನಲ್ಲಿ ಸರಿಹೋಗುತ್ತೆ ಅಂತ ರೈಲು ಬಿಟ್ಟೆ. ನಿಜ ಹೇಳ್ಬಿಟ್ಟಿದ್ರೆ ಇಲ್ಲಿಗೆ ಬರೋ ನೆಪಾನೇ ಹೋಗ್ತಿತ್ತು."

ಈ ಮಾತಿಗೆ ಅವಳ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಒಳಗಿನಿಂದ ಕಲ್ಲು ಉಜ್ಜುವ ಕರಕರ ಸದ್ದು, ನಿಂತು ನಿಂತು ಬರುತ್ತಿತ್ತು.

"ಅಪ್ಪ ಈಗ ಎಡಗೈಯಲ್ಲಿ ಉಜ್ತಿದ್ದಾರೆ" ಎಂದಳು.

ಅವನು ಎದ್ದ. ಇಸ್ತ್ರಿ ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋಗಿ ಅಪ್ಪನ ಮುಂದೆ ನಿಂತ. ಅವಳೂ ಹಿಂದೆಯೇ ಬಂದಳು.

"ಸಾರ್, ತಪ್ಪು ಅವರೊಬ್ಬರದೇ ಅಲ್ಲ. ನಂಗೆ ಅವರು ಇಷ್ಟ."

ಅಪ್ಪ ಇಬ್ಬರನ್ನೂ ನೋಡಿದರು. "ಇಷ್ಟು ಹೇಳೋಕೆ ನನ್ನ ಭುಜ ಬೀಳ್ಬೇಕಿತ್ತೇನ್ರೋ?"

ಅಪ್ಪ ಕಲ್ಲನ್ನು ಅವನ ಅಂಗೈಗೆ ಹಾಕಿದರು. "ಎಣ್ಣೆ ಹಚ್ಕೊಂಡು ಒಂದೇ ದಿಕ್ಕಿಗೆ ಉಜ್ಜು. ಆತುರಪಟ್ರೆ ಗೀರು ಬೀಳುತ್ತೆ."

ಅಪ್ಪನನ್ನು ಡಾಕ್ಟರ ಬಳಿ ಕರೆದೊಯ್ಯಲು ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಅವನು ತಲೆಯೆತ್ತಿದ. ಕೆನ್ನೆಯ ಮೇಲೆ ಕಪ್ಪು ಎಣ್ಣೆ ಮೆತ್ತಿತ್ತು.

"ನಾಳೆ ಬರ್ಲಾ?"

"ಅಪ್ಪನ ಕೈ ಸರಿಹೋಗೋವರೆಗೂ ಬರ್ಬೇಕು."

"ಆಮೇಲೆ?"

ಅವಳು ಅವನ ಮುಖ ನೋಡಲಾರದೆ ಅಪ್ಪನ ಅಂಗಿಯ ಗುಂಡಿ ಹಾಕುತ್ತ ಹೇಳಿದಳು. "ಆಮೇಲೂ."